ಕೊಯ್ದ ತರಕಾರಿಗೆ ಒಂದು ತಂಪು ತೊಟ್ಟಿ: ನಡು ಬೇಸಿಗೆಯ ಹದಿನೈದು ದಿನದ ಕೆಲಸ

ನಡು ಬೇಸಿಗೆಯಲ್ಲಿ ನಮ್ಮ ತೋಟದ ದಿನ ಬೆಳಗಿನ ನಾಲ್ಕೂವರೆಗೆ ಶುರುವಾಗುತ್ತದೆ. ಐದಕ್ಕೆ ತಲೆಗೆ ಬ್ಯಾಟರಿ ದೀಪ ಕಟ್ಟಿಕೊಂಡು ನಾನು ಮತ್ತು ಅಮ್ಮ ಸೊಪ್ಪಿನ ಮಡಿಗೆ ಇಳಿಯುತ್ತೇವೆ. ಅಪ್ಪ ಬೆಂಡೆ ಸಾಲಿಗೆ, ತಮ್ಮ ಸೌತೆ ಚಪ್ಪರಕ್ಕೆ. ಬೆಂಡೆ ಕೊಯ್ಯುವವರು ತುಂಬು ತೋಳಿನ ಅಂಗಿ ಹಾಕಲೇಬೇಕು, ಇಲ್ಲದಿದ್ದರೆ ಅದರ ಸುಂಕು ತಾಗಿ ಇಡೀ ದಿನ ಕೈ ಕಡಿಯುತ್ತದೆ. ಎಂಟೂವರೆಗೆ ಕೊಯ್ಲು ಮುಗಿಯಬೇಕು. ಅದಾದ ಮೇಲೆ ಕಿತ್ತದ್ದೆಲ್ಲ ಬಿಸಿಲನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬುಟ್ಟಿಗೆ ಬರುತ್ತದೆ.

ಇಷ್ಟು ಜೋಪಾನ ಮಾಡಿದರೂ ತರಕಾರಿ ಹಾಳಾಗುತ್ತಿದ್ದದ್ದು ಕೊಯ್ದ ಮೇಲೆ. ಗಾಡಿ ಬರುವುದು ಮರುದಿನ ನಸುಕಿನಲ್ಲಿ. ಅಲ್ಲಿಯವರೆಗೆ ಕ್ರೇಟುಗಳು ತಗಡಿನ ಶೆಡ್ಡಿನಲ್ಲಿ ಇರಬೇಕು. ಮಧ್ಯಾಹ್ನ ಮೂರಕ್ಕೆ ಆ ಶೆಡ್ಡಿನೊಳಗೆ 41 ಡಿಗ್ರಿ ತೋರಿಸಿತು. ಗೋಣಿಚೀಲ ಒದ್ದೆ ಮಾಡಿ ಮುಚ್ಚುತ್ತಿದ್ದೆವು, ಒಂದು ಗಂಟೆಯಲ್ಲಿ ಒಣಗಿ ಹೋಗುತ್ತಿತ್ತು. ಒಂದು ಸಂಜೆ 35 ಕಟ್ಟು ಹರಿವೆ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿದೆವು. ಬೆಳಗ್ಗೆ ಅಮ್ಮ ಒಂದೊಂದಾಗಿ ಬೇರು ತೊಳೆದು, ಸಮ ಮಾಡಿ ಕಟ್ಟಿದ್ದ ಕಟ್ಟುಗಳು. ಅಮ್ಮ ಏನೂ ಹೇಳಲಿಲ್ಲ. ಅವತ್ತು ರಾತ್ರಿಯೇ ನಾನು ಅಳತೆ ಟೇಪು ತೆಗೆದೆ.

ಕಿತ್ತ ಮಾತ್ರಕ್ಕೆ ತರಕಾರಿ ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಸುಟ್ಟು ತಾನೇ ಶಾಖ ಬಿಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟದ ವೇಗ ಎರಡು ಪಟ್ಟು, ಕೆಲವಕ್ಕೆ ಮೂರು ಪಟ್ಟು ಆಗುತ್ತದೆ. ಜೊತೆಗೆ ನೀರೂ ಹೋಗುತ್ತದೆ. ಸೊಪ್ಪು ತನ್ನ ತೂಕದಲ್ಲಿ ನೂರಕ್ಕೆ ಐದು ಪಾಲು ನೀರು ಕಳೆದುಕೊಂಡರೆ ಸಾಕು, ಬಾಡಿದ್ದು ಕಣ್ಣಿಗೆ ಕಾಣುತ್ತದೆ. ಅಂದರೆ ನಮಗೆ ಎರಡು ಬೇಕು. ಬಿಸಿ ಇಳಿಯಬೇಕು, ಗಾಳಿಯಲ್ಲಿ ತೇವ ಇರಬೇಕು.

ಇದಕ್ಕೆ ಕರೆಂಟಿಲ್ಲದ ದಾರಿಯೊಂದು ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ತೊಟ್ಟಿ ಅದು. ಎರಡು ಇಟ್ಟಿಗೆ ಗೋಡೆ, ನಡುವೆ 7.5 ಸೆಂ.ಮೀ. ಸಂದು, ಸಂದಿನಲ್ಲಿ ಒದ್ದೆ ಮರಳು. ನೀರು ಮರಳಿನಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಗಾಳಿಗೆ ಹೋಗುತ್ತದೆ. ಹೋಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವುದೂ ಹೀಗೆಯೇ, ಅಲ್ವಾ? ಇಲ್ಲಿ ಮಡಕೆ ದೊಡ್ಡದು, ಒಳಗೆ ತರಕಾರಿ.

ಕಟ್ಟುವ ಮೊದಲು ಒಂದು ಒದ್ದೆ ಬಟ್ಟೆ

ಇಟ್ಟಿಗೆ ತರುವ ಮೊದಲು ಇದರಿಂದ ಎಷ್ಟು ತಂಪು ಸಿಗುತ್ತದೆ ಅಂತ ತಿಳಿಯಬೇಕಿತ್ತು. ಅದಕ್ಕೆ ಎರಡು ಥರ್ಮಾಮೀಟರ್ ಸಾಕು. ಒಂದನ್ನು ಹಾಗೇ ನೆರಳಿನಲ್ಲಿ ತೂಗುಹಾಕಿದೆ. ಇನ್ನೊಂದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿದೆ. ಒಣಗಿದ್ದದ್ದು 38 ಡಿಗ್ರಿ ತೋರಿಸಿತು. ಒದ್ದೆ ಬಟ್ಟೆಯದ್ದು ಇಳಿಯುತ್ತಾ ಇಳಿಯುತ್ತಾ 24.5ಕ್ಕೆ ಬಂದು ನಿಂತಿತು. ಆ ಹೊತ್ತಿಗೆ ಗಾಳಿಯಲ್ಲಿ ತೇವ ಶೇಕಡಾ 30ರ ಆಸುಪಾಸು ಇತ್ತು ಅಂತ ಇದರ ಅರ್ಥ.

ಆ ಒದ್ದೆ ಬಟ್ಟೆಯ ಅಂಕಿಯೇ ಕೊನೆಯ ಮೆಟ್ಟಿಲು. ಹೀಗೆ ನೀರು ಆರಿಸಿ ತಂಪು ಮಾಡುವ ತೊಟ್ಟಿ ಅದಕ್ಕಿಂತ ಕೆಳಗೆ ಇಳಿಸಲಾರದು. ಒಳ್ಳೆಯ ತೊಟ್ಟಿ ಅದರ ಹತ್ತಿರ ಹೋಗುತ್ತದೆ, ಅಷ್ಟೇ. ಮಳೆಗೆ ಮುಂಚಿನ ಸೆಕೆಯ ದಿನಗಳಲ್ಲಿ, ಅಥವಾ ವರ್ಷವಿಡೀ ಗಾಳಿಯಲ್ಲಿ ತೇವ ತುಂಬಿರುವ ಕಡೆ, ಈ ಎರಡು ಅಂಕಿಗಳ ನಡುವೆ ನಾಲ್ಕೈದು ಡಿಗ್ರಿ ಅಂತರವೂ ಇರುವುದಿಲ್ಲ. ಅಂಥ ಕಡೆ ಈ ತೊಟ್ಟಿ ಕಟ್ಟಿದರೆ ಶ್ರಮ ದಂಡ. ಇಟ್ಟಿಗೆಗೆ ಕೈ ಹಾಕುವ ಮೊದಲು ಎಲ್ಲರೂ ಈ ಪರೀಕ್ಷೆ ಮಾಡಲಿ ಅಂತ ನನ್ನ ಕಳಕಳಿ.

ನೀರು ಎಷ್ಟು ಬೇಕಾದೀತು ಅಂತಲೂ ಲೆಕ್ಕ ಹಾಕಿದೆ. ಬೋರ್‌ವೆಲ್ ನೀರು ನಡು ಬೇಸಿಗೆಯಲ್ಲಿ ಗಿಡಗಳಿಗೇ ಸಾಲುವುದಿಲ್ಲ. 1 ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. 100 ಕೆಜಿ ತರಕಾರಿಯನ್ನು 1 ಡಿಗ್ರಿ ತಣಿಸಲು ಸುಮಾರು 400 ಕಿಲೋಜೂಲ್ ತೆಗೆದರೆ ಸಾಕು, ಏಕೆಂದರೆ ತರಕಾರಿಯಲ್ಲಿ ಬಹುಪಾಲು ನೀರೇ. ಹಾಗಾದರೆ ಒಂದೇ ಲೀಟರ್ ಆರಿದರೂ 100 ಕೆಜಿ ತರಕಾರಿ 6 ಡಿಗ್ರಿ ತಣಿಯಬಹುದು. ಹೊರಗಿನ ಬಿಸಿ ಗಾಳಿಯೂ ಗೋಡೆಗೆ ಶಾಖ ಕೊಡುತ್ತಲೇ ಇರುವುದರಿಂದ ನಿಜವಾಗಿ ಬೇಕಾಗುವ ನೀರು ಇದಕ್ಕಿಂತ ಎಷ್ಟೋ ಜಾಸ್ತಿ. ಆದರೂ ಈ ಲೆಕ್ಕ ನೋಡಿ ನನಗೆ ಧೈರ್ಯ ಬಂತು.

ಅಳತೆ: ಕ್ರೇಟು ನೋಡಿ ಗೋಡೆ

ಮೂಲ ನಕ್ಷೆಯ ಹೊರ ಅಳತೆ 165 ಸೆಂ.ಮೀ. ಉದ್ದ, 115 ಅಗಲ, 67.5 ಎತ್ತರ. ಸುಮಾರು 100 ಕೆಜಿ ಹಿಡಿಯುತ್ತದೆ. ನಾನು ಹಾಗೇ ಕಟ್ಟಲು ಹೊರಟಿದ್ದೆ. ತಮ್ಮ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಒಳಗೆ ಎರಡು ಕ್ರೇಟು ತಂದಿಟ್ಟ. "ಅಕ್ಕಾ, ಎರಡನೇದು ಕೂರ್ತಿಲ್ಲ ನೋಡು" ಅಂದ. ಹೌದು. ನಮ್ಮ ಇಟ್ಟಿಗೆಯ ಅಗಲ 11 ಸೆಂ.ಮೀ. ಒಂದು ಬದಿಗೆ ಎರಡು ಗೋಡೆ ಮತ್ತು ಸಂದು ಸೇರಿ 29.5 ಆಗುತ್ತದೆ. ಎರಡು ಬದಿ ಕಳೆದರೆ ಒಳಗೆ ಉಳಿಯುವುದು 106ಕ್ಕೆ 56. ನಮ್ಮ ಕ್ರೇಟು 60ಕ್ಕೆ 40. ಒಂದು ಕೂರುತ್ತದೆ, ಇನ್ನೊಂದಕ್ಕೆ ನಾಲ್ಕು ಸೆಂ.ಮೀ. ಕಡಿಮೆ.

ಗೆರೆ ಅಳಿಸಿ ಒಳಗಿನಿಂದ ಹೊರಕ್ಕೆ ಲೆಕ್ಕ ಹಾಕಿದೆವು. ಮೂರು ಕ್ರೇಟು ಪಕ್ಕ ಪಕ್ಕ, ಅವುಗಳ ಮೇಲೆ ಇನ್ನು ಮೂರು. ಒಳ ಅಳತೆ 128ಕ್ಕೆ 66. ಹೊರ ಅಳತೆ 187ಕ್ಕೆ 125. ಎತ್ತರ ಅದೇ 67.5, ಅಂದರೆ ಒಂಬತ್ತು ವರಸೆ ಇಟ್ಟಿಗೆ. ಕ್ರೇಟು ಎತ್ತಲು ಬೆರಳು ಹೋಗುವಷ್ಟು ಜಾಗ ಸುತ್ತಲೂ ಬಿಟ್ಟಿದ್ದೇವೆ. ನಿಮ್ಮದು ಬುಟ್ಟಿಯೋ ಮರದ ಪೆಟ್ಟಿಗೆಯೋ, ಯಾವುದಿದೆಯೋ ಅದನ್ನು ನೆಲದ ಮೇಲಿಟ್ಟು ಸುತ್ತಲೂ ಗೆರೆ ಎಳೆಯಿರಿ.

ಇಟ್ಟಿಗೆ ಲೆಕ್ಕ ಹೀಗೆ ಬಂತು. ಗೋಡೆಗೆ ವರಸೆಗೆ 42ರಂತೆ 378, ನೆಲಕ್ಕೆ 85. ಒಡೆಯುವುದು, ತುಂಡು ಮಾಡುವುದು ಸೇರಿಸಿ 500 ತರಿಸಿದೆವು. ಮರಳಿನ ಸಂದಿನ ಜಾಗ ಕಾಲು ಘನ ಮೀಟರ್, ನಮ್ಮ ಬಾಂಡ್ಲಿಯಲ್ಲಿ ಹದಿನೇಳು.

ಇಟ್ಟಿಗೆ ನೀರು ಕುಡಿಯಬೇಕು

ಮನೆ ಕಟ್ಟುವವರು ಚೆನ್ನಾಗಿ ಬೆಂದ, ನೀರು ಕಡಿಮೆ ಹೀರುವ ಇಟ್ಟಿಗೆ ಹುಡುಕುತ್ತಾರೆ. ನಮಗೆ ಬೇಕಾದದ್ದು ನೀರು ಕುಡಿಯುವ ಇಟ್ಟಿಗೆ. ಗಟ್ಟಿಯಾಗಿದ್ದರೂ ಸಾಕಷ್ಟು ಹೀರಬೇಕು. ರಾಶಿಯಿಂದ ಎರಡು ತೆಗೆದು ತೂಗಿದೆ. ಕೆಂಪಗಿದ್ದದ್ದು ಒಣಗಿದ್ದಾಗ 3.1 ಕೆಜಿ, ಒಂದು ದಿನ ನೀರಲ್ಲಿ ಮುಳುಗಿಸಿದ ಮೇಲೆ 3.6. ಕಪ್ಪು ತಿರುಗುವಷ್ಟು ಬೆಂದಿದ್ದದ್ದು 3.3 ಇದ್ದದ್ದು 3.5 ಆಯಿತು. ಮೊದಲನೆಯದು ತೂಕದ ಶೇಕಡಾ 16ರಷ್ಟು ನೀರು ಕುಡಿದಿದೆ. ಎರಡನೆಯದು 6.

ಎಲ್ಲ ಇಟ್ಟಿಗೆಯನ್ನೂ ಹೀಗೆ ತೂಗಲು ಆಗುವುದಿಲ್ಲ. ಅಪ್ಪ ಸುಲಭದ ದಾರಿ ಮಾಡಿದರು. ಚೊಂಬಿನಲ್ಲಿ ನೀರು ಹಿಡಿದು, ಬೆರಳು ಅದ್ದಿ, ಒಂದೊಂದು ಇಟ್ಟಿಗೆಯ ಮೇಲೂ ನಾಲ್ಕು ಹನಿ ಬಿಡುತ್ತಾ ಹೋದರು. ಒಳ್ಳೆಯದಾದರೆ ಹನಿ ಬಿದ್ದ ಕೂಡಲೇ ಕಿರಿದಾದ ಸುಯ್ ಶಬ್ದ ಬರುತ್ತದೆ, ಕಲೆ ಅಗಲವಾಗುತ್ತದೆ, ಎರಡು ಉಸಿರಿನಲ್ಲಿ ಹೊಳಪು ಮಾಯ. ಬೆಂದು ಗಾಜಿನಂತಾದ ಇಟ್ಟಿಗೆಯ ಮೇಲೆ ಹನಿ ಗುಂಡಗೆ ನಿಲ್ಲುತ್ತದೆ, ಓರೆ ಮಾಡಿದರೆ ಉರುಳಿ ಹೋಗುತ್ತದೆ. ಅಂಥ 60 ಇಟ್ಟಿಗೆ ಸಿಕ್ಕವು. ಅವೆಲ್ಲ ನೆಲಕ್ಕೆ ಹೋದವು, ನೆಲಕ್ಕೆ ಅವೇ ವಾಸಿ.

ಹೊರಗೋಡೆಗೆ ಸಿಮೆಂಟು ಮೆತ್ತಿ ನುಣ್ಣಗೆ ಮಾಡೋಣ ಅಂತ ಅಪ್ಪನಿಗೆ ಆಸೆ ಇತ್ತು. "ಇಷ್ಟು ಕಷ್ಟಪಟ್ಟು ಕಟ್ತೀವಿ, ನೋಡೋಕೂ ಚೆಂದ ಇರಲಿ ಕಣಮ್ಮ" ಅಂದರು. ಹಳೆಯ ಕಟ್ಟೆಯ ಗಾರೆಯ ಮೇಲೆ ಅದೇ ನಾಲ್ಕು ಹನಿ ಬಿಟ್ಟು ತೋರಿಸಿದೆ. ನೀರು ಅಲ್ಲೇ ನಿಂತಿತು. ಅಪ್ಪ ಒಂದು ಗಳಿಗೆ ನೋಡಿದರು, ಆಮೇಲೆ ಮೆತ್ತುವ ಮಾತು ಎತ್ತಲಿಲ್ಲ. ಗೋಡೆಯ ಹೊರಮೈಯಿಂದ ನೀರು ಆರಿದರೆ ಮಾತ್ರ ಒಳಗೆ ತಂಪು. ಆ ಮೈಯನ್ನು ಮುಚ್ಚುವ ಏನೇ ಇದ್ದರೂ ಬೇಡ. ಬಣ್ಣವೂ ಬೇಡ.

ಕಟ್ಟಿದ್ದು, ಉಬ್ಬಿದ್ದು, ಮತ್ತೆ ಕಟ್ಟಿದ್ದು

ಜಾಗ ಶೆಡ್ಡಿನ ಪಕ್ಕದ ದೊಡ್ಡ ಮರದ ಕೆಳಗೆ. ನೆರಳಿರಬೇಕು, ಗಾಳಿ ಆಡಬೇಕು, ನೀರು ನಿಲ್ಲಬಾರದು, ಕೊಯ್ಲಿನ ದಾರಿಗೆ ಹತ್ತಿರ ಇರಬೇಕು. ಸನಿಕೆಯಲ್ಲಿ ಮೇಲ್ಮಣ್ಣು ಎಳೆದು, ನೀರು ಚಿಮುಕಿಸಿ, ಗುದ್ದಿ ಗಟ್ಟಿ ಮಾಡಿದೆವು. ಮೂಲೆ ನೇರ ಇದೆಯಾ ಅಂತ ನೋಡಲು ಒಂದು ಬದಿ 90 ಸೆಂ.ಮೀ., ಇನ್ನೊಂದು ಬದಿ 120 ಗುರುತು ಮಾಡಿ, ನಡುವಿನ ಓರೆ 150 ಬರುವವರೆಗೆ ದಾರ ಸರಿಸಿದೆವು. ರಸಮಟ್ಟ ಇಟ್ಟು ನೆಲದ ಇಟ್ಟಿಗೆ ಹಾಸಿದೆವು. ಇಷ್ಟು ಒಂದು ಸಂಜೆಯ ಕೆಲಸ.

ಗೋಡೆಗೆ ಕೆಸರುಮಣ್ಣಿನ ಗಾರೆ ಬಳಸಿದೆವು. ಬೆಳಗ್ಗೆ ಕೊಯ್ಲು, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಬಿಸಿಲಿಗೆ ಹೋಗುವಂತಿಲ್ಲ, ಉಳಿದದ್ದು ಸಂಜೆಯ ಎರಡು ಗಂಟೆ. ಮೂರು ಸಂಜೆಯಲ್ಲಿ ಒಂಬತ್ತು ವರಸೆಯೂ ಎದ್ದಿತು. ಅಪ್ಪ ಇಟ್ಟಿಗೆ ಇಡುವುದು, ತಮ್ಮ ಗಾರೆ ಕಲಸುವುದು, ನಾನು ಸಂದಿನಲ್ಲಿ ಬಿದ್ದ ಗಾರೆ ತೆಗೆಯುವುದು. ಕೊನೆಯದು ಸಣ್ಣ ಕೆಲಸ ಅನಿಸಿದರೂ ಬಿಡಬಾರದು. ಗಾರೆ ಬಿದ್ದು ಗಟ್ಟಿಯಾದ ಕಡೆ ಮರಳು ಇಳಿಯದೆ ಟೊಳ್ಳಾಗುತ್ತದೆ.

ನಾಲ್ಕನೇ ಸಂಜೆ ಅವಸರ ಮಾಡಿದೆವು. ಜರಡಿ ಹಿಡಿದ ಮರಳನ್ನು ಸಂದಿನ ಬಾಯಿವರೆಗೆ ಒಂದೇ ಸಲ ತುಂಬಿ, ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟೆವು. ಮರಳು ಕುಸಿಯುತ್ತಾ ನೀರು ಕುಡಿಯುವುದನ್ನು ನೋಡಲು ಖುಷಿಯಾಗಿತ್ತು. ಹತ್ತು ನಿಮಿಷವಾಗಿರಬೇಕು, ಉದ್ದದ ಬದಿಯಲ್ಲಿ ಸಣ್ಣಗೆ ಚಟ್ ಅಂತು. ಬಗ್ಗಿ ನೋಡಿದರೆ ಮೂರನೇ ವರಸೆಯ ಗಾರೆಯಲ್ಲಿ ಕೂದಲೆಳೆಯ ಬಿರುಕು, ಅದರಿಂದ ಕೆಸರು ನೀರಿನ ಹನಿ. ದಾರ ಹಿಡಿದರೆ ಗೋಡೆಯ ನಡುಭಾಗ ಎರಡು ಬೆರಳು ಹೊರಗೆ ಉಬ್ಬಿತ್ತು. ನೀರು ನಿಲ್ಲಿಸಿ, ಉಬ್ಬಿದ ಕಡೆಗೆ ಹಲಗೆ ಕೊಟ್ಟು, ಮರಳನ್ನು ಕೈಯಲ್ಲೇ ಮೊಗೆದು ತೆಗೆದೆವು. ಕತ್ತಲಾದ ಮೇಲೂ ತಲೆಗೆ ದೀಪ ಕಟ್ಟಿಕೊಂಡು ತೆಗೆದೆವು.

ಒಣ ಮರಳು ಗೋಡೆಯನ್ನು ತಳ್ಳುವುದಕ್ಕಿಂತ ನೀರು ತುಂಬಿದ ಮರಳು ತಳ್ಳುವುದು ಬಹಳ ಜಾಸ್ತಿ. ಆ ತಳ್ಳುವಿಕೆ ಬುಡದಲ್ಲಿ ಹೆಚ್ಚು. ನಮ್ಮ ಗೋಡೆ ಬರೀ 11 ಸೆಂ.ಮೀ. ದಪ್ಪದ್ದು, ಗಾರೆ ಇನ್ನೂ ಹಸಿ. ಆಗಬೇಕಾದದ್ದೇ ಆಯಿತು.

ಉದ್ದದ ಎರಡೂ ಹೊರಗೋಡೆ ಬಿಚ್ಚಿ ಮತ್ತೆ ಕಟ್ಟಿದೆವು. ಈ ಸಲ ಹೊರಗೋಡೆಯ ಇಟ್ಟಿಗೆ ವರಸೆಗಳ ನಡುವಿನ ಅಡ್ಡ ಸಂದಿಗೆ ಒಂದು ಪಾಲು ಸಿಮೆಂಟು, ಎಂಟು ಪಾಲು ಮರಳಿನ ತೆಳು ಗಾರೆ. ನಿಲುವು ಸಂದಿಗೆ ಗಾರೆ ಇಲ್ಲ, ಇಟ್ಟಿಗೆಗೆ ಇಟ್ಟಿಗೆ ಒತ್ತಿ ಕೂರಿಸಿದೆವು. ಇಟ್ಟಿಗೆಯ ಮೈ ಪೂರ್ತಿ ತೆರೆದೇ ಇದೆ. ಒಳಗೋಡೆ ಕೆಸರು ಗಾರೆಯಲ್ಲೇ ಉಳಿಯಿತು. ನಾಲ್ಕು ದಿನ ಕಾದೆವು. ಆಮೇಲೆ ಮರಳನ್ನು ಮೂರು ಕಂತಿನಲ್ಲಿ ತುಂಬಿದೆವು. ಒಂದು ಕಂತು ತುಂಬುವುದು, ಕೋಲಿನಿಂದ ಮೆಲ್ಲಗೆ ಕುಟ್ಟುವುದು, ಸ್ವಲ್ಪ ನೀರು ಹಾಕಿ ಒಂದು ರಾತ್ರಿ ಬಿಡುವುದು. ಗೋಡೆ ಒಂದು ಕೂದಲೂ ಅಲುಗಲಿಲ್ಲ.

ಮೊದಲ ಸಲ ಪೂರ್ತಿ ನೆನೆಯಲು ಬೇಕಾದ ನೀರು ನೋಡಿ ಅಮ್ಮನಿಗೆ ಗಾಬರಿಯಾಯಿತು. ಮರಳಿಗೆ 90 ಲೀಟರ್ ಹತ್ತಿರ, ಇಟ್ಟಿಗೆಗಳಿಗೆ ಅದರ ಎರಡು ಪಟ್ಟು. ಮೂರು ಕಂತೂ ಸೇರಿ 270 ಲೀಟರ್ ಹೋಯಿತು. ಇದು ಒಂದೇ ಸಲದ ಖರ್ಚು. ಆಮೇಲೆ ಆರಿದಷ್ಟನ್ನು ತುಂಬಿದರೆ ಸಾಕು.

ಡ್ರಿಪ್ ಪೈಪು ಯಾಕೆ ಸಾಲಲಿಲ್ಲ

ದಿನಕ್ಕೆ ಎರಡು ಸಲ ಕೊಡದಲ್ಲಿ ನೀರು ಹೊಯ್ಯುವುದು ಮೂರು ದಿನ ನಡೆಯಿತು. ಕೊಯ್ಲಿನ ಗಡಿಬಿಡಿಯಲ್ಲಿ ನಾಲ್ಕನೇ ದಿನ ಮರೆತೆವು. ಅದಕ್ಕೆ ಹಳೆಯ ಇನ್‌ಲೈನ್ ಡ್ರಿಪ್ ಪೈಪನ್ನು ಮರಳಿನ ಮೇಲೆ ಸುತ್ತಲೂ ಹಾಸಿದೆ. 30 ಸೆಂ.ಮೀ.ಗೆ ಒಂದು ತೂತು, ಗಂಟೆಗೆ 4 ಲೀಟರ್ ಬಿಡುವಂಥದ್ದು. ಸುತ್ತಳತೆ 5 ಮೀಟರ್, ಹದಿನೇಳು ತೂತು. ಗಂಟೆಗೆ 68 ಲೀಟರ್ ಬರಬೇಕು. ಬೆಳಗ್ಗೆ 20 ನಿಮಿಷ, ಸಂಜೆ 20 ನಿಮಿಷ ಬಿಟ್ಟರೆ 45 ಲೀಟರ್. ಒಂದೂವರೆ ಮೀಟರ್ ಎತ್ತರದ ಕಟ್ಟೆಯ ಮೇಲೆ 200 ಲೀಟರ್ ಡ್ರಮ್ಮು ಇಟ್ಟು ವಾಲ್ವು ಕೂರಿಸಿದೆ.

ಎರಡು ದಿನದಲ್ಲಿ ಗೋಡೆಯ ಬಣ್ಣ ಬದಲಾಯಿತು. ಕೆಳಗಿನ ವರಸೆಗಳು ತಿಳಿ ಕೆಂಪಾದವು, ಅಂದರೆ ಒಣಗುತ್ತಿವೆ. ಬಡಗಣ ಮೂಲೆಯಂತೂ ಮೇಲಿನಿಂದ ಕೆಳಗಿನವರೆಗೆ ಒಣಗಿತ್ತು.

ಒಂದು ತೂತಿನ ಕೆಳಗೆ ಲೋಟ ಇಟ್ಟು ಹತ್ತು ನಿಮಿಷ ಹಿಡಿದೆ. 260 ಮಿಲಿಲೀಟರ್. ಗಂಟೆಗೆ ಒಂದೂವರೆ ಲೀಟರ್‌ ಚಿಲ್ಲರೆ ಆಯಿತು. 4 ಲೀಟರ್ ಅಂತ ಬರೆಯುವುದು 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ. ನಮ್ಮ ಡ್ರಮ್ಮಿನ ನೀರು ಪೈಪಿಗಿಂತ ಸುಮಾರು ಒಂದೂವರೆ ಮೀಟರ್ ಮೇಲೆ. ಒತ್ತಡ ಇಳಿದಷ್ಟೇ ಪ್ರಮಾಣದಲ್ಲಿ ಹರಿವು ಇಳಿಯುವುದಿಲ್ಲ, ಅದರ ವರ್ಗಮೂಲದಂತೆ ಇಳಿಯುತ್ತದೆ. 0.15ರ ವರ್ಗಮೂಲ 0.39. 4 ಲೀಟರಿಗೆ ಗುಣಿಸಿದರೆ 1.55. ಲೋಟದ ಲೆಕ್ಕವೂ ಅದೇ ಹೇಳಿತು! ಪೈಪಿನಲ್ಲಿ ದೋಷ ಇರಲಿಲ್ಲ. ಹೊತ್ತು ಹೆಚ್ಚಿಸಬೇಕಿತ್ತು, ಅಷ್ಟೇ. ಈಗ ಬೆಳಗ್ಗೆ 50 ನಿಮಿಷ, ಸಂಜೆ 50 ನಿಮಿಷ.

ಬಡಗಣ ಮೂಲೆಯ ಕಥೆ ಬೇರೆ. ಅಲ್ಲಿ ಎರಡು ತೂತು ಕಟ್ಟಿಕೊಂಡಿದ್ದವು. ಬಾಯಿ ತೆರೆದ ಡ್ರಮ್ಮಿನ ಮೇಲೆ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು, ಒಳಗೆ ಪಾಚಿ ಕಟ್ಟಿತ್ತು. ಪೈಪಿನ ಕೊನೆ ಬಿಚ್ಚಿ ಜೋರಾಗಿ ನೀರು ಹಾಯಿಸಿದೆ. ಮೊದಲು ಹಸಿರು ಲೋಳೆ, ಆಮೇಲೆ ತಿಳಿ ನೀರು ಬಂತು. ಡ್ರಮ್ಮು ತೊಳೆದು, ಮುಚ್ಚಳ ಹಾಕಿ, ಕಪ್ಪು ಬಟ್ಟೆ ಸುತ್ತಿದೆ. ವಾಲ್ವಿನ ಮುಂದೆ 120 ಮೆಶ್‌ನ ಜಾಲರಿ ಫಿಲ್ಟರ್ ಹಾಕಿದೆ. ವಾರಕ್ಕೊಮ್ಮೆ ಪೈಪಿನ ಕೊನೆ ಬಿಚ್ಚಿ ತೊಳೆಯುವುದು ತಮ್ಮನ ಪಾಲಿಗೆ.

ಮುಚ್ಚಳ

ಬಿದಿರಿನ ದಬ್ಬೆಯ ಚೌಕಟ್ಟು, ಅದರ ಮೇಲೆ ಎರಡು ಪದರ ಗೋಣಿ, ನಡುವೆ ಒಣಹುಲ್ಲು. ಒಂದೇ ತುಂಡಾಗಿ ಮಾಡಿದ್ದೆ. ನೆನೆದ ಮೇಲೆ ಅಮ್ಮನಿಗೆ ಒಬ್ಬರಿಗೇ ಎತ್ತಲು ಆಗಲಿಲ್ಲ. ಗರಗಸ ತಂದು ನಡುವೆ ಕೊಯ್ದು ಎರಡು ಭಾಗ ಮಾಡಿದೆ. ತೊಟ್ಟಿ ತೆಗೆಯುವವರು ಅವರೇ ಹೆಚ್ಚು, ಅವರ ತೋಳಿನ ಬಲಕ್ಕೆ ತಕ್ಕಂತೆ ಮುಚ್ಚಳ ಇರಬೇಕಿತ್ತು. ಈಗ ಅರ್ಧ ಮುಚ್ಚಳ ಓರೆ ಮಾಡಿ ಒಂದು ಕೈಯಲ್ಲಿ ಕ್ರೇಟು ಎಳೆದುಕೊಳ್ಳುತ್ತಾರೆ. ಅರ್ಧವೇ ತೆರೆಯುವುದರಿಂದ ಒಳಗಿನ ತಂಪೂ ಅಷ್ಟಾಗಿ ಹೋಗುವುದಿಲ್ಲ.

ಒಳಗೆ ಏನಾಯಿತು

ಗೋಡೆ ಪೂರ್ತಿ ನೆನೆದ ಎರಡನೇ ದಿನ ಮಧ್ಯಾಹ್ನ ಮೂರಕ್ಕೆ ಅಳೆದೆ. ಮರದ ನೆರಳಿನಲ್ಲಿ 38, ಶೆಡ್ಡಿನಲ್ಲಿ 41, ತೊಟ್ಟಿಯೊಳಗೆ 26.5. ಒದ್ದೆ ಬಟ್ಟೆಯ ಅಂಕಿಗಿಂತ ಎರಡೇ ಡಿಗ್ರಿ ಮೇಲೆ. ಕೈ ಒಳಗಿಟ್ಟರೆ ಬಾವಿಯ ಗೋಡೆ ಮುಟ್ಟಿದ ಹಾಗೆ.

ಒಂದೇ ಮಡಿಯ ಹರಿವೆ ಸೊಪ್ಪನ್ನು ಒಂದೊಂದು ಕೆಜಿ ತೂಗಿ, ಒಂದನ್ನು ಶೆಡ್ಡಿನಲ್ಲಿ, ಒಂದನ್ನು ತೊಟ್ಟಿಯಲ್ಲಿ ಇಟ್ಟೆ. ಮರುದಿನ ಬೆಳಗ್ಗೆ ಶೆಡ್ಡಿನದ್ದು 770 ಗ್ರಾಂ, ಎಲೆ ಮುದುಡಿ ಅಂಚು ಕಪ್ಪಾಗಿತ್ತು. ತೊಟ್ಟಿಯದ್ದು 960. ಕಟ್ಟು ಹಿಡಿದು ಅಲುಗಿಸಿದರೆ ಎಲೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬಾಡಿದ ಸೊಪ್ಪಿನಿಂದ ಆ ಸದ್ದು ಬರುವುದೇ ಇಲ್ಲ. ಅಮ್ಮ ಆ ಕಟ್ಟನ್ನು ಎತ್ತಿ ಎರಡು ಸಲ ಅಲುಗಿಸಿ ಕೇಳಿದರು.

ನಾನು ನಿರೀಕ್ಷಿಸದೇ ಇದ್ದದ್ದು ಟೊಮೆಟೊ. ನಡು ಬೇಸಿಗೆಯಲ್ಲಿ ನಮ್ಮ ಟೊಮೆಟೊ ಕೆಂಪಾಗುತ್ತಲೇ ಇರಲಿಲ್ಲ, ಹಳದಿ ಮಿಶ್ರಿತ ಕಿತ್ತಳೆ ಬಣ್ಣಕ್ಕೆ ನಿಲ್ಲುತ್ತಿತ್ತು. 30 ಡಿಗ್ರಿ ದಾಟಿದರೆ ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಸರಿಯಾಗಿ ಹುಟ್ಟುವುದಿಲ್ಲ. ಈಗ ಬಣ್ಣ ತಿರುಗಲು ಶುರುವಾದ ಕಾಯಿಯನ್ನೇ ಕಿತ್ತು ತೊಟ್ಟಿಯಲ್ಲಿ ಇಡುತ್ತೇವೆ. ನಾಲ್ಕೈದು ದಿನದಲ್ಲಿ ಸಮವಾಗಿ ಕೆಂಪಾಗುತ್ತದೆ. ಗಿಡದಲ್ಲಿ ಬಿಸಿಲಿಗೆ ಸುಟ್ಟು ಬಿಳಿ ಕಲೆ ಬೀಳುವ ಭಯವೂ ಇಲ್ಲ.

ಆದರೆ ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಅದು ತಾಗಿದರೆ ಸೌತೆ ಬೇಗ ಹಳದಿಯಾಗುತ್ತದೆ, ಸೊಪ್ಪಿನ ಎಲೆಯೂ ಹಾಗೆಯೇ. ಮೊದಲ ವಾರ ಎಲ್ಲ ಒಟ್ಟಿಗೆ ಇಟ್ಟು ಒಂದು ಕ್ರೇಟು ಸೌತೆ ಹಳದಿ ಮಾಡಿಕೊಂಡೆವು. ಈಗ ಟೊಮೆಟೊ ಇರುವ ದಿನ ಸೌತೆ, ಸೊಪ್ಪು ಅಲ್ಲಿರುವುದಿಲ್ಲ. ಟೊಮೆಟೊಗೆ ಚಿಕ್ಕದೊಂದು ಬೇರೆ ತೊಟ್ಟಿ ಕಟ್ಟಬೇಕು.

ಇದು ಕೋಲ್ಡ್ ಸ್ಟೋರೇಜ್‌ಗೆ ಸಮ ಅಂತ ಯಾರೂ ತಿಳಿಯಬಾರದು. ಸೊಪ್ಪಿಗೆ ನಿಜವಾಗಿ ಬೇಕಾದದ್ದು 0 ಡಿಗ್ರಿಯ ಹತ್ತಿರದ ತಂಪು. 26 ಡಿಗ್ರಿಯಲ್ಲಿ ಅದಕ್ಕೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಸಿಗುತ್ತದೆ. ನಮಗೆ ಆ ಒಂದು ದಿನವೇ ಬೇಕಿತ್ತು. ಬದನೆ, ಬೆಂಡೆ, ಸೌತೆಗಳಿಗೆ ತೀರಾ ಚಳಿ ಆಗಿಬರುವುದಿಲ್ಲ. ಫ್ರಿಡ್ಜಿನ ಚಳಿಯಲ್ಲಿ ಕೆಲವು ದಿನ ಇಟ್ಟರೆ ಸೌತೆಯ ಮೈಯಲ್ಲಿ ಗುಳಿ ಬೀಳುತ್ತದೆ, ಬೆಂಡೆ ಕಪ್ಪಾಗುತ್ತದೆ. ಅವುಗಳಿಗೆ ಈ ತೊಟ್ಟಿಯಲ್ಲಿ ಆ ಕಾಟ ಇಲ್ಲ.

ಇನ್ನು ಕೆಲವು ರಿಪೇರಿ

ಹನ್ನೊಂದನೇ ದಿನ ತೊಟ್ಟಿಯೊಳಗೆ ಕಪ್ಪೆ ಕೂತಿತ್ತು. ತಮ್ಮ ಅದನ್ನು ಅಂಗೈಯಲ್ಲಿ ಎತ್ತಿ ಸೌತೆ ಸಾಲಿಗೆ ಬಿಟ್ಟ. ಕಪ್ಪೆ ಬಂದ ಕಡೆ ಹಾವೂ ಬರುತ್ತದೆ. ಬೇಸಿಗೆಯಲ್ಲಿ ತಂಪು ಜಾಗ ಅದಕ್ಕೂ ಬೇಕು. ಮುಚ್ಚಳದ ಅಂಚಿಗೆ ಸುತ್ತಲೂ ಗೋಣಿಯ ಸುರುಳಿ ಹೊಲಿದು ಸಂದು ಮುಚ್ಚಿದೆ. ಮುಚ್ಚಳವನ್ನು ಮೊದಲು ಕೋಲಿನಿಂದ ಎತ್ತಿ, ಒಳಗೆ ದೀಪ ಬಿಟ್ಟು ನೋಡದೆ ಯಾರೂ ಕೈ ಹಾಕಬಾರದು ಅಂತ ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೇವೆ. ಕೋಲು ಅಲ್ಲೇ ಪಕ್ಕದಲ್ಲಿ ನೇತಾಡುತ್ತಿರುತ್ತದೆ.

ತೇವ ಇಷ್ಟಿರುವಾಗ ಕೊಳೆ ಬೇಗ ಹರಡುತ್ತದೆ. ಒಂದು ಕೊಳೆತ ಬದನೆ ಇಡೀ ಕ್ರೇಟಿಗೆ ಬೂಸು ಹಿಡಿಸಿತು. ಈಗ ಗಾಯವಾದದ್ದು, ಹುಳ ಕೊರೆದದ್ದು ತೊಟ್ಟಿಗೆ ಹೋಗುವುದೇ ಇಲ್ಲ. ತರಕಾರಿಯ ಮೇಲೆ ನೀರು ಚಿಮುಕಿಸುವುದಿಲ್ಲ, ನೀರು ಗೋಡೆಗೆ ಮಾತ್ರ. ಕೆಳಗಿನ ಕ್ರೇಟುಗಳ ಅಡಿಗೆ ಅಡ್ಡ ಇಟ್ಟಿಗೆ ಇಟ್ಟು ಎತ್ತರಿಸಿದ್ದೇವೆ, ಅದಕ್ಕೆ ಮೇಲಿನ ಕ್ರೇಟು ಬಾಯಿವರೆಗೆ ತುಂಬುವುದಿಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಿ ಒಂದು ಹೊತ್ತು ತೆರೆದಿಡುತ್ತೇವೆ.

ಹೊರಗೋಡೆಯ ಮೇಲೆ ಬಿಳಿ ಪುಡಿ ಕಾಣಿಸಿಕೊಂಡಿದೆ. ನಮ್ಮ ನೀರು ಗಡುಸು. ನೀರು ಆರಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಇಟ್ಟಿಗೆಯ ಮೈಯಲ್ಲೇ ಉಳಿಯುತ್ತದೆ. ಬಿಟ್ಟರೆ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಒಣ ಬ್ರಷ್‌ನಲ್ಲಿ ಉಜ್ಜಿ ಪುಡಿಯನ್ನು ಕೆಳಗೆ ಬೀಳಿಸಿ ಗುಡಿಸುತ್ತಿದ್ದೇನೆ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ಮಳೆಗಾಲದಲ್ಲಿ ಮಳೆ ನೀರು ಹಿಡಿದಿಟ್ಟು ಅದನ್ನೇ ಬಳಸುವ ಯೋಚನೆ ಇದೆ, ಅದಕ್ಕೆ ಇನ್ನೊಂದು ಡ್ರಮ್ಮು ಬೇಕು.

ಮೊನ್ನೆ ಮೋಡ ಕವಿದಿತ್ತು, ಗಾಳಿ ಅಲುಗಲಿಲ್ಲ. ಹೊರಗೆ 33, ಒದ್ದೆ ಬಟ್ಟೆಯದ್ದು 28. ತೊಟ್ಟಿಯೊಳಗೆ 29.5 ಇತ್ತು. ಲೆಕ್ಕ ಹೇಳಿದಂತೆಯೇ. ಅಂಥ ದಿನ ಸೊಪ್ಪನ್ನು ಅರ್ಧ ಮಾತ್ರ ಕೊಯ್ಯುತ್ತೇವೆ, ಉಳಿದದ್ದು ಮಡಿಯಲ್ಲೇ ಇರುತ್ತದೆ.

ಇವತ್ತು ಬೆಳಗ್ಗೆ ಎಂಟೂವರೆಗೆ ಆರೂ ಕ್ರೇಟು ಒಳಗೆ ಹೋದವು. ಬೆಂಡೆ 31 ಕೆಜಿ, ಬದನೆ 38, ಸೌತೆ 22, ಹರಿವೆ 40 ಕಟ್ಟು. ಅಮ್ಮ ಅರ್ಧ ಮುಚ್ಚಳ ಎಳೆದು, ಗೋಣಿಯ ಅಂಚನ್ನು ಕೈಯಿಂದ ಒತ್ತಿ ಸರಿಮಾಡಿ, ವಾಲ್ವು ತಿರುಗಿಸಿದರು. ಮುಂದಿನ ವಾರ ಟೊಮೆಟೊ ತೊಟ್ಟಿಗೆ ಪಾಯ ಹಾಕುತ್ತೇವೆ. ಉಳಿದ ಮೂವತ್ತು ಚಿಲ್ಲರೆ ಇಟ್ಟಿಗೆಗಳ ಮೇಲೆ ಅಪ್ಪ ಆಗಲೇ ನಾಲ್ಕು ನಾಲ್ಕು ಹನಿ ಬಿಟ್ಟು, ಒಳ್ಳೆಯವನ್ನು ಆರಿಸಿ ಒಂದು ಕಡೆ ಜೋಡಿಸಿಟ್ಟಿದ್ದಾರೆ.